ಏರುತ್ತ ಹೋದ ಕೆಂಪು ದಾರ

ಸುಣ್ಣದ ಕುಂಚ ಮತ್ತೊಮ್ಮೆ ತೂತಿಗೆ ಸಿಕ್ಕಿ ನಿಂತಿತು. ಪಕ್ಕೀರಮ್ಮ ಬೆರಳಿನಿಂದ ಸವರಿದಳು. ಮೊಳೆ ಹೊಡೆದು ಕಿತ್ತ ತೂತು. ಅದರ ಮೇಲೊಂದು, ಅದರ ಮೇಲೆ ಮತ್ತೊಂದು.

“ಕುಂಚ ಕೆಳಗಿಡ್ರಿ ಅಮ್ಮ. ಈ ಗೋಡೆಗೆ ಸುಣ್ಣ ಹಚ್ಚು ಅಂದೋರು ಯಾರು?”

ತನಿಖೆಗೆ ಬಂದಿದ್ದ ಅಧಿಕಾರಿ ಪುಷ್ಪಲತಾ ಬಾಗಿಲಲ್ಲಿ ನಿಂತಿದ್ದರು.

“ಮಾಲಕ್ರು ಹೇಳ್ಯಾರಂತ್ರಿ.”

ಕೊಟ್ಟೂರಿನ ಹೊರಗಿನ ಆ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಬಾಯ್ಲರಿನ ಕೊಳವೆ ಸಿಡಿದು, ಕುದಿಯುವ ಹಬೆಗೆ ಬೆಂಕಿ-ನೀರು ನೋಡಿಕೊಳ್ಳುತ್ತಿದ್ದ ಯರ್ರೆಪ್ಪ ಬೆಂದು ಸತ್ತು ಮೂರು ದಿನವಾಗಿತ್ತು. ನೀರು ಬಿಡದೆ ಮಲಗಿದ್ದ, ತಪ್ಪು ಅವನದೇ ಎಂದು ಮಿಲ್ಲಿನವರು ಬರೆದುಕೊಟ್ಟಿದ್ದರು. ಹಾಗೇ ದಾಖಲಾದರೆ ಅವನ ಹೆಂಡತಿ ಸಾಯುವವರೆಗೂ ಅದೇ ಮಾತು ಕೇಳಬೇಕು.

ಪಕ್ಕೀರಮ್ಮನ ಸೊಂಟದ ಸಂಚಿಯಲ್ಲಿ ಯರ್ರೆಪ್ಪನ ಕಾಗದವಿತ್ತು. ‘ದೊಡ್ಡವ್ವ, ಬೆಂಕಿ ಬಿಟ್ಟು ನಾ ಬರಂಗಿಲ್ಲ, ಇದನ್ನ ಅಂಚಿಗಿ ಹಾಕು’ ಎಂದು ಕೊಟ್ಟಿದ್ದ. ಬಾಯ್ಲರಿನ ಮೇಲೆ ದೂರು. ತನ್ನ ಕೆಲಸ ಹೋದೀತೆಂದು ಹೆದರಿ ಅವಳು ಹಾಕಿರಲಿಲ್ಲ. ತಿಂಗಳು ದಾಟಿತ್ತು.

ಸೂಪರ್‌ವೈಸರ್ ಸೋಮಶೇಖರ್ ಬಂದು, ತೂತುಗಳ ಪಕ್ಕ ಗೋಡೆಗೆ ತೂಗಿದ್ದ ಚಾರ್ಟ್ ತೋರಿಸಿದ.

“ನೋಡ್ರಿ ಮೇಡಂ. ಹಬೆ, ನೀರು, ಹೊಗೆಯ ಬಿಸಿ — ಮೂರೂ ಕೂಡಿಸಿ ಕಂಪ್ಯೂಟರ್ ದಿನಕ್ಕೊಂದು ಅಂಕಿ ಕೊಡತೈತಿ. ಈ ಕೆಂಪು ದಾರ ಅದರ ಮಿತಿ. ಒಂದು ಚುಕ್ಕಿನೂ ಅದನ್ನ ದಾಟಿಲ್ಲ.”

“ದಾರ ಮೇಲಿನ ಮೊಳೆಗೆ ಐತಿ. ಕೆಳಗಿನ ತೂತು ಯಾಕ?”

“ಸೋಮವಾರಕ್ಕೊಮ್ಮೆ ಹೊಸ ಅಂಕಿ ಸೇರಿಸಿ, ಅಷ್ಟೇ ಹಳೇವು ತೆಗೆದು, ಮಿತಿ ಲೆಕ್ಕ ಹಾಕ್ತೀವಿ. ದಾರ ಒಂಚೂರು ಸರೀತೈತಿ. ಅದು ಪದ್ಧತಿರಿ.”

“ನಿಮ್ಮ ರಿಜಿಸ್ಟರ್ ಪ್ರಕಾರ ಎರಡು ವರ್ಷ ಒಂದೇ ಮೊಳೆ. ಆಮೇಲೆ ಏಳು ಸೋಮವಾರಕ್ಕೆ ಏಳು ತೂತು?”

ಪುಷ್ಪಲತಾ ಮುದುಕಿಯ ಕಡೆ ತಿರುಗಿದರು.

“ಅಮ್ಮ, ಸೋಮವಾರ ನಿಮ್ಮ ಕೆಲಸ ಏನು?”

“ಬಾಯ್ಲರಿನ ಬೂದಿ ಬಳೀತೀನ್ರಿ.”

“ಬೂದಿ ತಣ್ಣಗಿರತಿತ್ತೇನು?”

“ತಣ್ಣಗಾ?” ಅವಳು ಬೊಬ್ಬೆ ಎದ್ದ ಅಂಗೈ ಚಾಚಿದಳು. “ದೀಪಾವಳಿಗೊಮ್ಮಿ ಬಾಯ್ಲರ್ ಆರಿಸಿದ್ರು, ಎರಡು ತಿಂಗಳಾತು. ಆಮ್ಯಾಲೆ ಆರೇ ಇಲ್ಲ.”

“ಬೂದಿ ಬಳಿಯೋಳಿಗೆ ಬಾಯ್ಲರ್ ಬಗ್ಗಿ ಏನು ಗೊತ್ತು?” ಎಂದ ಸೋಮಶೇಖರ್.

“ಬಿಸಿ ಯಾವುದು, ತಣ್ಣಂದು ಯಾವುದು, ಅಷ್ಟು ಗೊತ್ತೈತಪ್ಪ.”

ಪುಷ್ಪಲತಾ ರಿಜಿಸ್ಟರ್ ಬಿಚ್ಚಿದರು.

“ಹೊಗೆಯ ಬಿಸಿ ಏರ್ತಿತ್ತು, ಹಬೆ ಇಳೀತಿತ್ತು. ಒಂದೊಂದೇ ನೋಡಿದ್ರೆ ಸಣ್ಣದು. ಕೂಡಿಸಿ ನೋಡಿದ್ರೆ, ಕೊಳವೆಯೊಳಗೆ ನೀರಿನ ಸುಣ್ಣ ಕಟ್ಟತೈತಿ, ಕೊಳವೆ ಕಾದು ಸಿಡಿಯತೈತಿ ಅಂತ ಅರ್ಥ. ಚುಕ್ಕಿ ಹಳೇ ದಾರ ದಾಟಿದ ವಾರದ ಅಂಕಿ ಮಿತಿ ಲೆಕ್ಕದಿಂದ ಹೊರಗಿಡಬೇಕು. ಬಾಯ್ಲರ್ ಆರಿಸಿ ಒಳಗೆ ನೋಡಬೇಕು. ಸರಿ ಇದ್ರೆ ಮಾತ್ರ ಸೇರಿಸಬೇಕು. ‘ಆರಿಸಿ ನೋಡಿದೆ, ಸರಿ ಇದೆ’ — ಏಳು ಸೋಮವಾರ ಇಲ್ಲಿ ಸಹಿ ಹಾಕಿದೋರು ಯಾರು? ನೀವು. ಕೆಟ್ಟ ವಾರ ಸೇರಿಸ್ತಾ ಹೋದ್ರಿ, ದಾರ ಏರ್ತಾ ಹೋಯ್ತು. ಚುಕ್ಕಿ ಅದರ ಕೆಳಗೇ ಉಳೀತು. ಯರ್ರೆಪ್ಪನ್ನ ಕೊಂದದ್ದು ಆ ಸಹಿ, ಸೋಮಶೇಖರ್.”

ಅವನು ಗೋಡೆಗೆ ಒರಗಿದ. ಹಸಿ ಸುಣ್ಣ ಅಂಗಿಗೆ ಹತ್ತಿತು.

“ಶೇಂಗಾ ಬಂದು ಬಿದ್ದಿತ್ರಿ. ಮಿಲ್ ನಿಲ್ಲಿಸಿದ್ರ ನನ್ನನ್ನ ಮನಿಗೆ ಕಳಸ್ತಿದ್ರು.”

“ಸುಣ್ಣ ಹಚ್ಚಿಸಿದ್ದು?”

“ನಾನ. ಮಾಲಕ್ರ ಹೆಸರು ಹೇಳಿ.”

ಪಕ್ಕೀರಮ್ಮ ಸಂಚಿ ಬಿಚ್ಚಿದಳು. ಕಾಗದಕ್ಕೆ ಎಲೆ-ಅಡಿಕೆಯ ಕಲೆ ಹತ್ತಿತ್ತು. ವಿಳಾಸ ಪುಷ್ಪಲತಾ ಅವರ ಕಚೇರಿಯದೇ. ಅವರು ಕೈ ಚಾಚಿದರು.

“ಕೊಡ್ರಿ ಅಮ್ಮ, ಫೈಲಿಗೆ ಹಾಕ್ತೀನಿ.”

“ಇಲ್ರಿ. ಅಂಚಿಗಿ ಹಾಕು ಅಂದಿದ್ದ. ಅವತ್ತೇ ಹಾಕಿದ್ರ ಅವ ಇರತಿದ್ದ.”

ಪುಷ್ಪಲತಾ ಇಲ್ಲವೆನ್ನಲಿಲ್ಲ. ಕಾಗದದ ಫೋಟೋ ತೆಗೆದುಕೊಂಡು, “ರಿಜಿಸ್ಟರ್ ಪೋಸ್ಟ್ ಮಾಡಿಸ್ರಿ” ಎಂದಷ್ಟೇ ಹೇಳಿದರು.

ಕೊಟ್ಟೂರಿನ ಅಂಚೆ ಕಚೇರಿಯಲ್ಲಿ ಗುಮಾಸ್ತ ಕಾಗದ ತಿರುಗಿಸಿ ನೋಡಿದ.

“ಕಳಿಸೋರ ಹೆಸರಿಲ್ಲವಲ್ಲ ಅಜ್ಜಿ. ಯಾರಂತ ಬರೀಲಿ?”

“ಯರ್ರೆಪ್ಪ ಅಂತ ಬರಿಯಪ್ಪ,” ಎಂದಳು ಪಕ್ಕೀರಮ್ಮ. ಮುದ್ರೆ ಬೀಳುವವರೆಗೂ ಅಲ್ಲಿಂದ ಕದಲಲಿಲ್ಲ.