ತಟ್ಟಿ ಹೋಗುವ ಕಾಯಿದೆ

ಹಠಮಾಪಕದ ಮುಳ್ಳು ತೊಂಬತ್ತೊಂದರ ಬಳಿ ನಡುಗುತ್ತ ನಿಂತಿತು. ಲಂಡನ್ನಿನ ಸರಕಾರಿ ಭವನವೊಂದರಲ್ಲಿ ಎರಡು ಪಕ್ಷಗಳು ಸೇರಿ ಸರಕಾರ ರಚಿಸುವ ಮಾತುಕತೆ ನಡೆದಿತ್ತು. ಚುನಾವಣೆಯಲ್ಲಿ ಯಾರಿಗೂ ಬಹುಮತ ಬಂದಿರಲಿಲ್ಲ. ಹಿಂದೆಲ್ಲ ಇಂಥ ಸಂಧಾನಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. ಮುಖಂಡರು ಚಹಾ ಕುಡಿದು, ಮುನಿಸಿಕೊಂಡು ಎದ್ದುಹೋಗಿ, ಮತ್ತೆ ಬಂದು ಕೂರುತ್ತಿದ್ದರು. ಈಗ ಮಣಿಕಟ್ಟಿಗೆ ಹಠಮಾಪಕದ ಪಟ್ಟಿ ಸುತ್ತಿದರೆ ಸಾಕು. ಪ್ರಣಾಳಿಕೆಯ ಒಂದೊಂದೇ ಅಂಶ ಓದಿದಂತೆ, ಯಾರಿಗೆ ಯಾವುದರ ಮೇಲೆ ಎಷ್ಟು ಹಠವಿದೆಯೆಂದು ಯಂತ್ರ ನಾಡಿಯಿಂದಲೇ ಅಳೆಯುತ್ತದೆ. ಹಠ ಕಡಿಮೆಯಿದ್ದವರು ಬಿಟ್ಟುಕೊಡಬೇಕು. ಸಮಸಮವಾದರೆ ಆ ಅಂಶವನ್ನೇ ಎರಡು ಹೋಳು ಮಾಡಬೇಕು. ಒಂದು ತೀರ್ಪನ್ನು ಒಪ್ಪದಿದ್ದರೂ ಇಡೀ ಒಪ್ಪಂದ ಬಿದ್ದುಹೋಗುತ್ತದೆ.

ತೊಂಬತ್ತೊಂದು ತೋರಿಸಿದ್ದು ಸಣ್ಣ ಪಕ್ಷದ ರೋಹಿದಾಸ ಸಾಲಿಯಾನರ ಹಠ. ಮೂಲ್ಕಿಯಿಂದ ಹೋಗಿ ಲೀಡ್ಸ್‌ನಲ್ಲಿ ನೆಲೆಸಿ, ಅಲ್ಲಿಂದಲೇ ಪಾರ್ಲಿಮೆಂಟಿಗೆ ಆರಿಸಿ ಬಂದವರು. ಒಂಟಿಯಾಗಿ ಬದುಕುವ ಪ್ರತಿಯೊಬ್ಬರ ಬಾಗಿಲನ್ನು ವಾರಕ್ಕೊಮ್ಮೆ ಅಂಚೆಯವನು ತಟ್ಟಿ, ಹತ್ತು ನಿಮಿಷ ಕುಳಿತು ಮಾತಾಡಬೇಕು ಎಂಬುದು ಅವರ ಬೇಡಿಕೆ. ದೊಡ್ಡ ಪಕ್ಷಕ್ಕೆ ಈ ದುಂದು ಬೇಡ. ಅವರ ಸಂಧಾನಕಾರನ ಹಠವೂ ತೊಂಬತ್ತೊಂದೇ!

ಯಂತ್ರ ತೀರ್ಪು ಮುದ್ರಿಸಿತು: ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಬಾಗಿಲು ತಟ್ಟತಕ್ಕದ್ದು, ಯಾರೂ ಬರತಕ್ಕದ್ದಲ್ಲ.

"ಎಂತದು ಇದು ಡಾಕ್ಟ್ರೆ?" ಸಾಲಿಯಾನರು ಯಂತ್ರವನ್ನು ರೂಪಿಸಿದ ವಿಜ್ಞಾನಿ ನಿರುಪಮಾ ಕಡಾಂಬಿಯವರತ್ತ ತಿರುಗಿ ಕನ್ನಡದಲ್ಲೇ ಕೇಳಿದರು.

"ಅರ್ಧರ್ಧ ಹಂಚಿದೆ ಸಾರ್. ತಟ್ಟೋದು ನಿಮ್ಮದು, ಬರದೇ ಇರೋದು ಅವರದು. ಬಾಗಿಲಿಗೆ ಒಂದು ಪುಟ್ಟ ತಟ್ಟುಯಂತ್ರ ಕೂರಿಸಿದ್ರಾಯ್ತು," ಎಂದರು ಮೈಸೂರಿನ ನಿರುಪಮಾ.

"ಊಟಕ್ಕೆ ಕರೆದು, ಎಲೆ ಹಾಕಿ, ಬಡಿಸದೆ ಏಳಿ ಅಂದ ಹಾಗಾಯ್ತಲ್ಲ ಮಾರಾಯ್ರೆ! ನನ್ನ ಹೆಂಡತಿ ತೀರಿಹೋಗಿ ಏಳು ವರ್ಷ ಆಯ್ತು. ಗುರುವಾರ ರಾತ್ರಿ ಲೀಡ್ಸ್‌ನ ಮನೆಗೆ ಹೋದ್ರೆ ಸೋಮವಾರದವರೆಗೆ ನನ್ನ ಸ್ವರ ನನಗೇ ಕೇಳುವುದಿಲ್ಲ. ಅದು ನಿಮ್ಮ ಮಿಷನ್ನಿಗೆ ಗೊತ್ತುಂಟಾ?"

"ಹಠ ಎಷ್ಟು ಅಂತ ಗೊತ್ತು ಸಾರ್. ಯಾಕೆ ಅಂತ ಗೊತ್ತಾಗಲ್ಲ." ನಿರುಪಮಾಗೆ ನಾಚಿಕೆಯಾಯಿತು. "ಆದರೆ ನೀವು ಒಪ್ಪದಿದ್ರೆ ಶಾಲೆ ಮಕ್ಕಳ ಊಟ, ಬಾಡಿಗೆದಾರರ ಕಾಯಿದೆ, ಎಲ್ಲಾನೂ ಹೋಗುತ್ತೆ."

ಸಾಲಿಯಾನರು ಸಹಿ ಹಾಕಿದರು.

ಪತ್ರಿಕೆಗಳು ಮನಸಾರೆ ನಕ್ಕವು. ಕಾಯಿದೆ ಜಾರಿಯಾದ ಮೊದಲ ಶುಕ್ರವಾರ ಹತ್ತು ಗಂಟೆಗೆ ಲೀಡ್ಸ್‌ನಲ್ಲಿ ಸಾಲಿಯಾನರ ಬಾಗಿಲನ್ನೂ ತಟ್ಟುಯಂತ್ರ ತಟ್ಟಿತು. ಯಾರೂ ಇಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರುಂಟೇ? ಆದರೂ ಎದ್ದುಹೋಗಿ ತೆರೆದರು. ಮೆಟ್ಟಿಲು ಖಾಲಿ. ಬಾಗಿಲು ಹಾಕಲು ಕೈ ಬರಲಿಲ್ಲ.

ತಲೆಯೆತ್ತಿದರೆ ಬೀದಿಯಲ್ಲಿ ಇನ್ನೂ ಐದು ಬಾಗಿಲು ತೆರೆದಿದ್ದವು. ಒಂದೊಂದರಲ್ಲೂ ಒಬ್ಬೊಬ್ಬರು ತಮ್ಮ ಖಾಲಿ ಮೆಟ್ಟಿಲನ್ನು ನೋಡುತ್ತ ನಿಂತಿದ್ದರು. ಇಷ್ಟು ವರ್ಷ ಈ ಬೀದಿಯಲ್ಲಿ ತಾನೊಬ್ಬನೇ ಒಂಟಿಯೆಂದು ಸಾಲಿಯಾನರು ತಿಳಿದಿದ್ದರು. ಆದರೆ ಯಾರಾದರೂ ಪರಿಚಯ ಮಾಡಿಸದೆ ನೆರೆಯವರನ್ನು ಮಾತಾಡಿಸುವುದು ಅಲ್ಲಿನ ರೂಢಿಯಲ್ಲ. ಎಲ್ಲರೂ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಮುಖ ತಿರುಗಿಸಿ ಬಾಗಿಲು ಹಾಕಿಕೊಂಡರು. ಮರುವಾರವೂ ಹಾಗೆಯೇ ಆಯಿತು.

ಮೂರನೆಯ ಶುಕ್ರವಾರ ಎದುರು ಮನೆಯ ಮುದುಕಿ ಮಾತ್ರ ಬಾಗಿಲು ಹಾಕಲಿಲ್ಲ. ಸ್ವೆಟರಿನ ಗುಂಡಿ ತಿರುವುತ್ತ ಬಹಳ ಹೊತ್ತು ನಿಂತು, ಕೊನೆಗೆ ಇಂಗ್ಲಿಷಿನಲ್ಲಿ ಕೂಗಿದಳು: "ನಮ್ಮ ಮನೆಗೂ ಯಾರೂ ಬಂದಿಲ್ಲ."

ಸಾಲಿಯಾನರು ಮನೆಯೊಳಗಿನ ಚಪ್ಪಲಿಯಲ್ಲೇ ರಸ್ತೆ ದಾಟಿ ಹೋಗಿ, ತೆರೆದಿದ್ದ ಆ ಬಾಗಿಲನ್ನು ಮೆಲ್ಲಗೆ ತಟ್ಟಿದರು.