ದೇಮವ್ವ ಆರಿಸಿದ ನಳಿಗೆ

ಬೆಟ್ಟಗಳು ಹಾರಾಡುತ್ತಿದ್ದ ಕಾಲದಲ್ಲಿ ಇಂಗಳಗಿರಿ ಎಂಬೊಂದು ರಾಜ್ಯವಿತ್ತು. ಅದರ ಕಣಿವೆಯಾಚೆ ಗರಳಾಕ್ಷನೆಂಬ ಮಾಂತ್ರಿಕನ ಗೋಪುರ. ಗೋಪುರದ ತುದಿಯಲ್ಲಿ ಕಬ್ಬಿಣದ ಗಿಡುಗವೊಂದು ಕೂತಿರುತ್ತಿತ್ತು. ಮಾಂತ್ರಿಕನ ಪ್ರಾಣ ಅದರ ಎಡಗಣ್ಣಿನಲ್ಲಿತ್ತು. ಮಂತ್ರಿಸಿದ ಗುಂಡನ್ನು ಗಿಡುಗ ಕಾಳಿನಂತೆ ನುಂಗುತ್ತಿತ್ತು. ಆ ಕಣ್ಣನ್ನು ಒಡೆಯಲು ಬರಿಯ ಸೀಸದ ಗುಂಡೇ ಆಗಬೇಕು. ಗರಳಾಕ್ಷನನ್ನು ಕೊಲ್ಲಲು ದೊರೆ ಕಳಿಸಿದವರಲ್ಲಿ ಗುರಿ ತಪ್ಪಿದವರು, ಗಿಡುಗ ಬೀಳುವ ತನಕ, ನಿಂತಲ್ಲೇ ಕಲ್ಲಾಗುತ್ತಿದ್ದರು.

ಹಾಗೆ ಕಲ್ಲಾದವರಲ್ಲಿ ಬರಮಣ್ಣ ಕೊನೆಯವನು. ತಂಗಿ ದೇಮವ್ವ ಅವನ ಕಲ್ಲಿನ ಭುಜ ಮುಟ್ಟಿ ನಿಂತಿದ್ದಳು. ದೊರೆ ಜಗದೇವ ಅವನನ್ನು ಕೈ ನಡುಗುವ ಅಂಜುಬುರುಕನೆಂದು ಕರೆದು, ಪರಿವಾರದ ಮುಂದೆ ನಕ್ಕ. ದೇಮವ್ವನ ಮೈಯೆಲ್ಲ ಉರಿದುಹೋಯಿತು. ಅಣ್ಣನ ಜೊತೆಯಲ್ಲೇ ಗುರಿ ಕಲಿತವಳು ಅವಳು; ಆ ಕೈ ನಡುಗುವಂಥದ್ದಲ್ಲ.

"ನನ್ನ ಕೋವಿ ನಾನೇ ಆರಿಸಿಕೊಳ್ಳುತ್ತೇನೆ," ಎಂದಳು. "ಗಿಡುಗ ಬಿದ್ದರೆ ನೀವು ನನ್ನ ಅಣ್ಣನ ಕ್ಷಮೆ ಕೇಳಬೇಕು."

ಹೇಗೂ ಇವಳೂ ಕಲ್ಲಾಗುವವಳೇ ಎಂದುಕೊಂಡು ದೊರೆ ಒಪ್ಪಿದ.

ಆಯುಧಶಾಲೆಯ ಹಿರಿಯ ತಿಪ್ಪಣ್ಣ ಬಾಗಿಲು ತೆರೆದ. ದೇಮವ್ವ ಮೊದಲು ಅಣ್ಣ ಒಯ್ದಿದ್ದ, ಆಮೇಲೆ ಕಣಿವೆಯಿಂದ ಮರಳಿ ತಂದಿಟ್ಟಿದ್ದ ಕೋವಿಯನ್ನೇ ಎತ್ತಿಕೊಂಡಳು. ಮೈತುಂಬ ಚಿನ್ನದ ಬಳ್ಳಿ, ನಳಿಗೆ ಮಾತ್ರ ಜೋಳದ ದಂಟಿನಷ್ಟು ತೆಳು. ಅಂಗಳದ ಗುರಿಹಲಗೆಗೆ ಹಾರಿಸಿ ನೋಡಿದಾಗ ಮೊದಲ ಗುಂಡು ಗುರಿಗೆ ಬಿತ್ತು. ನಳಿಗೆ ಕಾದಂತೆಲ್ಲ ಉಳಿದವು ಬಲಕ್ಕೆ ಸರಿಯುತ್ತ ಹೋದವು. ಕಣಿವೆಗೆ ಕಳಿಸುವ ಮುನ್ನ ದೊರೆ ತನ್ನ ನೆಂಟರ ಮೋಜಿಗಾಗಿ ಬರಮಣ್ಣನಿಂದ ಗುಂಡಿನ ಮೇಲೆ ಗುಂಡು ಹಾರಿಸಿ, ನಳಿಗೆ ಆರುವ ಮೊದಲೇ ಅವನನ್ನು ಅಟ್ಟಿದ್ದನೆಂದು ತಿಪ್ಪಣ್ಣ ತಲೆ ತಗ್ಗಿಸಿ ಹೇಳಿದ. ದೇಮವ್ವ ಕೋವಿಯನ್ನು ಗೋಡೆಗೆ ಬೀಸಿ ಒಗೆದಳು.

ಎರಡನೆಯದಕ್ಕೆ ದಪ್ಪ ನಳಿಗೆ. ಗಾಳಿಗೆ ಜಗ್ಗದಿರಲೆಂದು ಉದ್ದನೆಯ ಗುಂಡಿನ ತೋಟಾ ಹಾಕಿದಳು. ಹಲಗೆಯಲ್ಲಿ ಗುಂಡುಗಳು ಅಡ್ಡಡ್ಡ ತೂರಿದ್ದವು. ನಳಿಗೆಯೊಳಗಿನ ಸುರುಳಿ ಗೀರು ಸಡಿಲ, ಸಾಕಷ್ಟು ತಿರುಗದ ಗುಂಡು ಸೋತ ಬುಗುರಿಯಂತೆ ವಾಲುತ್ತದೆ ಎಂದ ತಿಪ್ಪಣ್ಣ.

ಮೂರನೆಯದು ದಪ್ಪ ನಳಿಗೆ, ಬಿಗಿ ಸುರುಳಿ. ಗುಂಡುಗಳು ನೇರ ಹೋದವು, ಆದರೂ ಚದುರಿದವು. ದೇಮವ್ವ ಹಲ್ಲು ಕಚ್ಚಿ ಇನ್ನಷ್ಟು ಮದ್ದು ತುಂಬಿದಳು. ಇನ್ನೂ ಚದುರಿದವು.

"ತಾಯಿ, ನೀನು ತುಂಬುತ್ತಿರುವುದು ಸಿಟ್ಟನ್ನು," ಎಂದ ತಿಪ್ಪಣ್ಣ. "ಈ ನಳಿಗೆಗೆ ಎಷ್ಟು ಬೇಕು ಅಂತ ಅದನ್ನೇ ಕೇಳು."

ಅವಳಿಗೆ ಅವನ ಮೇಲೂ ರೇಗಿತು. ಆದರೂ ಕೂತಳು. ತೋಟಾದ ಮದ್ದನ್ನು ಚಿಟಿಕೆ ಚಿಟಿಕೆಯಾಗಿ ಇಳಿಸಿದಳು. ಪ್ರತಿ ಸಲವೂ ನಳಿಗೆ ಆರುವ ತನಕ ಕಾದಳು. ಕಾಯುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೊನೆಗೊಮ್ಮೆ ಗುಂಡುಗಳೆಲ್ಲ ಒಂದೇ ತೂತಿನಲ್ಲಿ ಹೊಕ್ಕವು.

ಕಣಿವೆಯಂಚಿನಲ್ಲಿ ಅವಳು ಮಲಗಿ ಗುರಿ ಹಿಡಿದಾಗ ಗರಳಾಕ್ಷ ಗೋಪುರದಿಂದ ಇಣುಕಿ, ನಿನ್ನಣ್ಣನ ಪಕ್ಕದಲ್ಲೇ ನಿನಗೂ ಜಾಗ ಇಟ್ಟಿದ್ದೇನೆ ಎಂದು ಕೂಗಿದ. ದೇಮವ್ವ ಕೋವಿಯ ಹಿಡಿಯನ್ನು ಭುಜಕ್ಕೆ ಒತ್ತಿಕೊಂಡಳು. ಸಿಟ್ಟು ಎದೆಯಲ್ಲೇ ಇತ್ತು. ಬೆರಳಿಗೆ ಇಳಿಯಲು ಅವಳು ಬಿಡಲಿಲ್ಲ. ಗಾಳಿ ನಿಂತ ಗಳಿಗೆಯಲ್ಲಿ ಕೋವಿಯ ಕುದುರೆ ಎಳೆದಳು.

ಗಿಡುಗದ ಎಡಗಣ್ಣು ಸಿಡಿಯಿತು. ಗೋಪುರ ಕುಸಿಯಿತು, ಮಾಂತ್ರಿಕ ಹೊಗೆಯಾಗಿ ಹೋದ. ಕಲ್ಲಾಗಿದ್ದವರೆಲ್ಲ ಒಬ್ಬೊಬ್ಬರಾಗಿ ಉಸಿರೆಳೆದುಕೊಂಡರು.

ದೊರೆ ಮುತ್ತಿನ ಹಾರ ಹಿಡಿದು ಬಂದ. ದೇಮವ್ವ ಕೊರಳೊಡ್ಡದೆ ಅಣ್ಣನತ್ತ ಕೈ ತೋರಿಸಿದಳು. ಊರೆಲ್ಲ ನೋಡುತ್ತಿರಲು ಜಗದೇವ ಬರಮಣ್ಣನ ಮುಂದೆ ತಲೆಬಾಗಿದ.

"ತಪ್ಪು ನನ್ನದು," ಎಂದ.

ಇಂಗಳಗಿರಿಯ ಜನ ಅಂದಿನಿಂದ ನೆಮ್ಮದಿಯಾಗಿ ಬಾಳಿದರು. ಬರಮಣ್ಣ ದೊರೆಯನ್ನು ಅಂದೇ ಕ್ಷಮಿಸಿದ. ದೇಮವ್ವ ದೊರೆಯೊಂದಿಗೆ ಮಾತಾಡಲು ಮಾತ್ರ ಒಂದು ಮಳೆಗಾಲ ಕಳೆಯಬೇಕಾಯಿತು.