ಯಾರೂ ಅಳದ ಪ್ರಯೋಗ

ಬಣ್ಣದ ಕೋಣೆಯಲ್ಲಿ ಚಾಂದಬಿ ಇಳಕಲ್ ಸೀರೆಯ ಸೆರಗಿಗೆ ನೀರು ಚಿಮುಕಿಸಿ, ಕೆಂಡದ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದಳು. ಅರ್ಧ ಸೆರಗು ಮುಗಿದಿತ್ತು.

"ಚಾಂದವ್ವಾ, ನನ್ನ ಬೋರಮಳ ಎಲ್ಲೈತಿ?" ಹಿಂದಿನಿಂದ ಅಂಬವ್ವನ ದನಿ.

ಕನ್ನಡಿಯ ಮುಂದಿನ ತಟ್ಟೆಯಲ್ಲಿ ಬಂಗಾರದ ಎರಡು ಬಳೆ ಇದ್ದವು. ಕೈಗಡಿಯಾರವೂ ಇತ್ತು. ಬೋರಮಳದ ಸರ ಮಾತ್ರ ಇರಲಿಲ್ಲ.

ಮುಂಬೈಯ ವಡಾಲದ ಆ ಥೇಟರಿನಲ್ಲಿ ಭಾನುವಾರ ಮಧ್ಯಾಹ್ನದ ನಾಟಕ ಆಗಷ್ಟೇ ಮುಗಿದಿತ್ತು. ಹತ್ತೊಂಬತ್ತನೆಯ ಪ್ರಯೋಗ. ತನ್ನಿಷ್ಟದವನನ್ನು ಮದುವೆಯಾದ ಮಗಳನ್ನು ತಾಯಿ ಹೊರಹಾಕಿ ಬಾಗಿಲು ಮುಚ್ಚುವ ಕತೆ. ತಾಯಿಯ ಪಾತ್ರ ಅಂಬವ್ವನದು.

"ಅದು ನನ್ನ ಮಗಳು ಶರಣವ್ವ ಮನೀ ಬಿಟ್ಟ ಹೋಗುವಾಗ ಕೊರಳಿಂದ ತೆಗದಿಟ್ಟದ್ದು. ಅದನ್ನ ಕಣ್ಣಿಗೆ ಒತ್ತಿಕೊಳ್ಳದ ನಾ ಸ್ಟೇಜಿಗೆ ಕಾಲಿಡಂಗಿಲ್ಲ," ಎಂದಳು ಅಂಬವ್ವ.

ಸಂಘದ ಕಾರ್ಯದರ್ಶಿ ಚನ್ನಬಸಯ್ಯ ಚಾಂದಬಿಯ ಕಡೆ ತಿರುಗಿದ. "ಬಣ್ಣದ ಕೋಣಿ ನಿನ್ನ ತಾಬೇದಾಗ ಇತ್ತು. ಪೋಲೀಸರನ್ನ ಕರಸಲೇನು?"

ಚೆಂಬೂರಿನಿಂದ ಫೋರ್ಟ್‌ವರೆಗೆ ಎಲ್ಲ ಕನ್ನಡ ಸಂಘಗಳ ನಾಟಕದ ಬಟ್ಟೆ ಹದಿನಾಲ್ಕು ವರ್ಷದಿಂದ ಚಾಂದಬಿಯ ಕೈಯಲ್ಲೇ. ಕಳ್ಳಿ ಅನ್ನಿಸಿಕೊಂಡರೆ ನಾಳೆಯಿಂದ ಒಂದು ಸಂಘವೂ ಒಳಗೆ ಬಿಡುವುದಿಲ್ಲ.

"ಅರ್ಧಾ ತಾಸ ಕೊಡ್ರಿ, ಅಯ್ಯಾರ," ಎಂದಳು.

* * *

ಬಾಗಿಲಿನ ದೃಶ್ಯ ಶುರುವಾದಾಗ ಸರ ತಟ್ಟೆಯಲ್ಲೇ ಇತ್ತು. ಅಂಬವ್ವನಿಗೆ ಬದಲಿ ಸೀರೆ ಹಿಡಿದುಕೊಂಡು ಚಾಂದಬಿ ರಂಗದ ಪಕ್ಕಕ್ಕೆ ಹೋಗಿದ್ದಳು. ದೃಶ್ಯ ಮುಗಿದ ಮೇಲೆ ಬಂದವಳು ಕೋಣೆ ಬಿಟ್ಟು ಕದಲಿಲ್ಲ. ಹಾಗಾದರೆ ಕಳವು ಆ ದೃಶ್ಯದಲ್ಲೇ ಆಗಿದೆ.

"ನಿಂಗಣ್ಣ ಈ ಬಾಗಲ ಹತ್ರ ಸುಳದಾಡತಿದ್ದ," ಎಂದ ಚನ್ನಬಸಯ್ಯ.

ಪರದೆಯ ಹಗ್ಗ ಎಳೆಯುವ ನಿಂಗಣ್ಣನ ಚೀಲ ತೆರೆದರೆ ಎರಡು ಬಟಾಟೆವಡೆ.

"ತಿನ್ನಾಕ ಇಟ್ಟಿದ್ದೆ ಚಾಂದಕ್ಕಾ! ಬಾಗಲಾ ಮುಚ್ಚೋ ಹೊತ್ತಿಗೆ ಹಗ್ಗ ಬಿಟ್ಟು ಎಲ್ಲಿ ಹೋಗ್ಲಿ? ಬಾಲ್ಕನಿಯಾಗ ಒಬ್ಬಾಕಿ ಮುದುಕಿ 'ಬಾಗಲಾ ತೆಗಿಯವ್ವಾ' ಅಂತ ಒದರಿದಳು. ಆಕಿ ಹಿಂದನ ಇಡೀ ಥೇಟರೇ ಎದ್ದು ಒದರಾಕ ಹತ್ತಿತು. ಅಳೂದಿಲ್ಲ, ಬರೇ ಸಿಟ್ಟು! ಹೆದರಿ ಪರದೆ ಅರ್ಧಕ್ಕ ಬಿಟ್ಟೆ."

ಆ ಅರ್ಧ ಇಳಿದ ಪರದೆಯನ್ನು ಚಾಂದಬಿಯೇ ಕಂಡಿದ್ದಳು. ಪಕ್ಕದಲ್ಲಿ ನಿಂತು ನಟರಿಗೆ ಮಾತು ಹೇಳಿಕೊಡುತ್ತಿದ್ದ ಚನ್ನಬಸಯ್ಯನನ್ನೂ ಕಂಡಿದ್ದಳು. ಕದ್ದವರು ಇವರಿಬ್ಬರೂ ಅಲ್ಲ.

* * *

ಹಿಂದಿನ ಮೆಟ್ಟಿಲಲ್ಲಿ ಅಂಬವ್ವನ ಗಂಡ ಮುರಿಗೆಪ್ಪ ಹತ್ತಿ ಬಂದ. ಚೆಂಬೂರಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ; ಯಾವತ್ತೂ ಮುಂದೆ ಕೂತು ನಾಟಕ ನೋಡುವವನು. ಕೈಚೀಲವನ್ನು ಕಂಕುಳಲ್ಲಿ ಅವುಚಿ ಹಿಡಿದಿದ್ದ. ಚಾಂದಬಿ ಉಳಿದರ್ಧ ಸೆರಗಿಗೆ ಇಸ್ತ್ರಿ ಇಟ್ಟಳು.

"ನಾವು ಹಿಂದ ಇರೋ ಮಂದಿ, ಸಾಹೇಬ್ರ. ಮುಂದ ಕುಂತು ನಾಟಕಾ ನೋಡೇ ಇಲ್ಲ. ಇವತ್ತ ಬಾಗಲ ಸೀನಿಗೆ ಜನ ಹೆಂಗಿದ್ರು?"

"ಹೆಂಗಂದ್ರ? ಯಾವತ್ತಿನಂಗ ಗೊಳೋ ಅಂತ ಅತ್ತರು. ನನ್ನ ಕರ್ಚೀಫೂ ತೊಯ್ತು."

ನಿಂಗಣ್ಣನ ಬಾಯಿಯ ವಡೆ ಅಲ್ಲೇ ನಿಂತಿತು.

"ಹದಿನೆಂಟು ಸಲ ಅತ್ತದ್ದು ಖರೇ," ಎಂದಳು ಚಾಂದಬಿ. "ಇವತ್ತ ಒಬ್ಬರೂ ಅಳಲಿಲ್ಲ. ಎದ್ದು ನಿಂತು ಒದರಿದ್ರು. ನೀವು ಒಳಗ ಇರಲಿಲ್ಲ, ಸಾಹೇಬ್ರ. ನಾ ಆಕಡೆ ಹೋದ ಕೂಡ್ಲೆ ಇಲ್ಲಿ ಬಂದು, ಹಂಗ ಹೊರಗಿಳಿದು ಹೋದ್ರಿ. ಕಳ್ಳ ಆಗಿದ್ರ ಬಂಗಾರದ ಬಳಿ ಬಿಡತಿದ್ದನೇನು? ಈ ಸರ ಅಷ್ಟೇ ಬೇಕಾದಾಂವ ತಗೊಂಡಾನ. ಇದಿಲ್ಲದ ಅಂಬಕ್ಕ ಪಾತ್ರ ಮಾಡಂಗಿಲ್ಲ ಅಂತ ಗೊತ್ತಿದ್ದಾಂವ."

ಮುರಿಗೆಪ್ಪ ಚೀಲ ಕೆಳಗಿಟ್ಟ.

"ಲೋಕಲ್ ಟ್ರೇನಿನಾಗ ಮಂದಿ ಕೇಳತಾರ, ನಿಮ್ಮ ಮನೀ ಕತೀನ ಅಲ್ಲೇನ್ರಿ ಅಂತ. ನಾಟಕಾ ನಿಂತ್ರ ಸಾಕಾಗಿತ್ತು."

"ಮನ್ಯಾಗ ಬಾಗಲಾ ಹಾಕಿದವ್ರು ನೀವ," ಎಂದಳು ಅಂಬವ್ವ. "ಮಂದೀ ಕಡಿಂದ ಬೈಸಿಕೊಂಡಾಕಿ ನಾನು."

ಚೀಲದಲ್ಲಿ ಬೋರಮಳ ಸಿಕ್ಕಿತು. ಅದರಡಿ ಒಂದು ಲಕೋಟೆ. ಮುರಿಗೆಪ್ಪನದೇ ಅಕ್ಷರ: ಶರಣವ್ವನ ಹೆಸರು, ಬಿಜಾಪುರದ ವಿಳಾಸ. ಅಂಚುಗಳು ಸವೆದು ಮೆತ್ತಗಾಗಿದ್ದವು.

"ಆಕಿ ಹೋದ ಮುಂದಿನ ತಿಂಗಳಾ ಬರದದ್ದು. ಬಂದ ಹೋಗು ಅಂತ. ಎರಡ ವರ್ಷಾತು... ಅಂಚೀ ಡಬ್ಬಿ ತನಕಾ ಹೋಗಿ ತಿರುಗಿ ಬರ್ತೀನಿ."

ಅಂಬವ್ವ ಲಕೋಟೆಯನ್ನು ಸೆರಗಿನಲ್ಲಿ ಒರೆಸಿ ಅವನ ಕೈಗೇ ಕೊಟ್ಟಳು.

ಚನ್ನಬಸಯ್ಯ ಕೆಮ್ಮಿದ. "ಚಾಂದಬೀ, ತಪ್ಪಾತು."

"ಅದನ್ನ ಹೊರಗ ಎಲ್ಲಾರ ಮುಂದ ಹೇಳ್ರಿ, ಅಯ್ಯಾರ. ಹಂಗ ಆಮಂತ್ರಣಕ್ಕ ತಂದ ಸ್ಟಾಂಪಿನಾಗ ಒಂದ ಕೊಡ್ರಿ. ಎರಡ ವರ್ಷದಾಗ ಅಂಚೀ ದರಾ ಏರೇತಿ."

ಸ್ಟಾಂಪ್ ಹಚ್ಚಿಕೊಂಡು ಮುರಿಗೆಪ್ಪ ಕೆಳಗಿಳಿದ. ರಸ್ತೆಯಾಚೆ ಕೆಂಪು ಅಂಚೆ ಡಬ್ಬಿಯ ಮುಂದೆ ನಿಂತ. ನಿಂತೇ ಇದ್ದ. ಕಿಟಕಿಯಲ್ಲಿ ನಾಲ್ಕು ತಲೆಗಳು.

"ಹಾಕ್ರಿ, ಸಾಹೇಬ್ರ!" ನಿಂಗಣ್ಣ ಒದರಿದ.

ನಾಟಕ ನೋಡಿ ಬಸ್‌ಸ್ಟಾಪಿನಲ್ಲಿ ನಿಂತಿದ್ದ ಮಂದಿಯೆಲ್ಲ ತಿರುಗಿ ನೋಡಿದರು. ಮುರಿಗೆಪ್ಪ ಒಮ್ಮೆ ಮೇಲೆ ಅಂಬವ್ವನನ್ನು ನೋಡಿ, ಲಕೋಟೆಯನ್ನು ಡಬ್ಬಿಯೊಳಗೆ ಬಿಟ್ಟ.